ಒಂದೊಂದೇ ಹಲಗೆ

ಮೈಸೂರಿನ ಅಗ್ರಹಾರದ ಬದಿಗೆ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಈ ಜಿಮ್ ಇದೆ. ಮೆಟ್ಟಿಲು ಕಡಿದು, ಕಂಬಿ ಕಬ್ಬಿಣದ್ದು. ಮಳೆಗಾಲದಲ್ಲಿ ಹಿಡಿದವರ ಅಂಗೈಗೆ ತುಕ್ಕು ಅಂಟುತ್ತದೆ. ಬೆಳಗಿನ ಐದೂವರೆಗೆ ಷಟರ್ ಎತ್ತಿದಾಗ ಒಳಗಿಂದ ಮೊದಲು ಬರುವುದು ರಾತ್ರಿಯಿಡೀ ಮುಚ್ಚಿಕೊಂಡಿದ್ದ ರಬ್ಬರ್ ಮ್ಯಾಟಿನ ವಾಸನೆ. ಹತ್ತು ನಿಮಿಷಕ್ಕೆ ಅದರ ಮೇಲೆ ಊದುಬತ್ತಿ, ಅರ್ಧ ಗಂಟೆಗೆ ಬೆವರು. ಬಾಗಿಲಿಗೆ ಎದುರಾಗಿ ಸಂಜೀವಿನಿ ಹೊತ್ತ ಹನುಮಂತನ ಪಟ, ಅದರ ಪಕ್ಕದಲ್ಲೇ ತೋಳು ಮಡಿಸಿ ನಿಂತ ಅರ್ನಾಲ್ಡ್ ಶ್ವಾರ್ಜ್‌ನೆಗರ್. ಹನುಮಂತನಿಗೆ ದಿನಾ ಹೊಸ ಹೂವು. ಅರ್ನಾಲ್ಡನ ಬಲಮೂಲೆ ಗೋಂದು ಬಿಟ್ಟು ಸುರುಳಿಯಾಗಿದೆ, ಅಂಟಿಸುವ ಗೋಜಿಗೆ ಯಾರೂ ಹೋಗಿಲ್ಲ.

ಹೊಸ ಜಿಮ್ಮುಗಳ ನೀಲಿ ದೀಪ, ಎದೆ ಅದುರಿಸುವ ಹಾಡು ಇಲ್ಲಿಲ್ಲ. ಕಿಟಕಿಯ ಮೇಲಿನ ಟ್ರಾನ್ಸಿಸ್ಟರಿನಲ್ಲಿ ಆಕಾಶವಾಣಿ ತನ್ನ ಪಾಡಿಗೆ ಭಕ್ತಿಗೀತೆ ಹಾಕಿಕೊಂಡಿರುತ್ತದೆ. ಒಂದು ಟ್ರೆಡ್‌ಮಿಲ್, ಎರಡು ಸೈಕಲ್, ಒಂದು ಸ್ಕ್ವಾಟ್ ರ‍್ಯಾಕ್, ಬಣ್ಣ ಹೋಗಿ ಅಂಕಿ ಮಾತ್ರ ಉಳಿದ ಪ್ಲೇಟುಗಳು. ಮೂಲೆಯಲ್ಲಿ ಒಂದು ಕಲ್ಲಿನ ಗದೆ, ಅದು ಜಿಮ್ ನಡೆಸುವ ಮಾಸ್ಟ್ರ ತಂದೆಯದು. ಇಡೀ ಜಿಮ್ಮಿನಲ್ಲಿ ಬೆಲೆಬಾಳುವ ವಸ್ತು ಯಾವುದೆಂದು ನನ್ನನ್ನು ಕೇಳಿದರೆ ಮೇಜಿನ ಮೇಲಿರುವ ಕೆಂಪು ಬಟ್ಟೆ ಬೈಂಡಿನ ಉದ್ದನೆಯ ಲೆಡ್ಜರ್ ಎನ್ನುತ್ತೇನೆ. ಕೆಳಗಿನ ಅಂಗಡಿಯವರು ಮೊಳೆ, ಪೈಪಿನ ಲೆಕ್ಕ ಬರೆಯುವಂಥದ್ದೇ ಪುಸ್ತಕ. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ.

ಮಾಸ್ಟ್ರಿಗೆ ಐವತ್ತರ ಹತ್ತಿರ ವಯಸ್ಸು. ಗರಡಿ ಉಸ್ತಾದರ ಮಗ, ಆಮೇಲೆ ದೈಹಿಕ ಶಿಕ್ಷಣದಲ್ಲಿ ಡಿಗ್ರಿ. ಹೊಸಬರು ಬಂದರೆ ಮೊದಲ ದಿನ ಅವರ ಕೈಗೆ ಡಂಬೆಲ್ ಕೊಡುವುದಿಲ್ಲ, ಕೂರಲು ಸ್ಟೂಲ್ ಕೊಡುತ್ತಾರೆ. ಏನು ಕೆಲಸ, ಎಷ್ಟು ಹೊತ್ತು ಕೂತಿರುತ್ತೀರಿ, ರಾತ್ರಿ ಮಲಗುವುದು ಎಷ್ಟಕ್ಕೆ, ಯಾವ ಮಾತ್ರೆ ನುಂಗುತ್ತೀರಿ, ಹಳೇ ಏಟು ಎಲ್ಲಾದರೂ ಇದೆಯಾ, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತಾ, ತಲೆ ಸುತ್ತುತ್ತಾ. ಕೊನೆಯ ಎರಡಕ್ಕೆ ಹೌದು ಎಂದವರು ಡಾಕ್ಟರ ಚೀಟಿ ತಂದ ಮೇಲೆಯೇ ಒಳಗೆ. ಆಮೇಲೆ ಎದ್ದು ನಿಲ್ಲಿಸಿ ಒಮ್ಮೆ ಕುಕ್ಕರಗಾಲಿನಲ್ಲಿ ಕೂರಿಸುತ್ತಾರೆ, ಎರಡೂ ಕೈ ತಲೆಯ ಮೇಲಕ್ಕೆ ಎತ್ತಿಸುತ್ತಾರೆ, ಒಂಟಿ ಕಾಲಿನಲ್ಲಿ ನಿಲ್ಲಿಸುತ್ತಾರೆ. ಹಿಮ್ಮಡಿ ಏಳುತ್ತದೋ, ಮೊಣಕಾಲು ಒಳಕ್ಕೆ ಬರುತ್ತದೋ, ಒಂದು ಭುಜ ಇನ್ನೊಂದಕ್ಕಿಂತ ಬೇಗ ನಿಲ್ಲುತ್ತದೋ, ಎಲ್ಲ ಪುಟಕ್ಕೆ ಇಳಿಯುತ್ತದೆ. ಕಡೆಗೆ ಒಂದು ಪ್ರಶ್ನೆ: ವಾರಕ್ಕೆ ಎಷ್ಟು ದಿನ ಬರ್ತೀರಿ? ಜಿಮ್ಮುಗಳಲ್ಲಿ ಜನ ಅತಿ ಹೆಚ್ಚು ಸುಳ್ಳು ಹೇಳುವುದು ಈ ಪ್ರಶ್ನೆಗೇ. ಆರು ದಿನ ಎಂದವರ ಪುಟದಲ್ಲಿ ಮಾಸ್ಟ್ರು ತಣ್ಣಗೆ ಮೂರು ಎಂದು ಬರೆದುಕೊಳ್ಳುತ್ತಾರೆ.

ಆರೂಕಾಲಿಗೆ ಮಿಸ್ ಬರುತ್ತಾರೆ. ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು, ಅರವತ್ತೆರಡು ವಯಸ್ಸು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು, ಕಾಲಿಗೆ ಮೊಮ್ಮಗನ ಹಳೇ ಶೂ ಹಾಕಿಕೊಂಡು, ನೇರವಾಗಿ ಕನ್ನಡಿಯ ಪಕ್ಕದ ಹಲಗೆಗಳ ಹತ್ತಿರ ಹೋಗುತ್ತಾರೆ. ಒಂದರ ಮೇಲೊಂದು ಪೇರಿಸಿದ ಮರದ ಹಲಗೆಗಳು, ಒಂದೊಂದೂ ಒಂದಿಂಚು ದಪ್ಪ, ಮೇಲೊಂದು ರಬ್ಬರ್ ಹಾಳೆ. ಪೇಟೆಯಲ್ಲಿ ಸಿಗುವ ಸಲಕರಣೆಯಲ್ಲ, ಕೆಳಗಿನ ಅಂಗಡಿಯಿಂದ ಕುಯ್ಯಿಸಿ ತಂದದ್ದು. ಮಿಸ್ ಆ ಪೇರಿಕೆಯ ಮೇಲೆ ಕೂರಬೇಕು, ಕೈ ಊರದೆ ಏಳಬೇಕು. ಅಷ್ಟೇ ಅವರ ಮುಖ್ಯ ವ್ಯಾಯಾಮ.

ಅವರು ಜಿಮ್ಮಿಗೆ ಬಂದದ್ದು ತೂಕ ಇಳಿಸಲಿಕ್ಕಲ್ಲ. ಮದುವೆಮನೆಯಲ್ಲಿ ನೆಲದ ಪಂಕ್ತಿಗೆ ಕೂತು, ಏಳುವಾಗ ಪಕ್ಕದವರ ಭುಜ ಹಿಡಿಯಬೇಕಾಗಿ ಬಂದದ್ದು ಅವರಿಗೆ ಸಹಿಸಲಾಗಲಿಲ್ಲ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದೂ ನಿಂತುಹೋಗಿತ್ತು. ಪುಟದ ನೆತ್ತಿಯಲ್ಲಿ ಮಾಸ್ಟ್ರು ಬರೆದಿದ್ದೂ ಅದನ್ನೇ: ನೆಲದಿಂದ ಏಳುವುದು. ನಂದಿಯ ತನಕ. ಗುರಿ ಇಷ್ಟು ಬಿಡಿಸಿ ಹೇಳಿದ್ದರಿಂದ ಮುಂದಿನದು ತಾನಾಗಿ ಸಿಕ್ಕಿತು. ಏಳುವುದು ಕಷ್ಟವಾದರೆ ಏಳುವುದನ್ನೇ ಅಭ್ಯಾಸ ಮಾಡಬೇಕು, ಸುಲಭವಾದ ಎತ್ತರದಿಂದ ಶುರು ಮಾಡಿ.

"ಮಿಸ್, ಮೊಣಕಾಲು ಒಳಗೆ ಬರ್ತಿದೆ ನೋಡಿ. ಕಿರುಬೆರಳ ಕಡೆ ತಳ್ಳಿ."

"ತಳ್ತಿದೀನಪ್ಪಾ, ಅದು ಕೇಳಬೇಕಲ್ಲ."

"ಕೇಳುತ್ತೆ. ಇಳಿಯುವಾಗ ಇನ್ನೂ ನಿಧಾನ."

ಕೊನೆಯ ಸುತ್ತು ನೋಡುವಂತಿರುತ್ತದೆ. ಎಂಟನೆಯ ಸಲ ಏಳುವಾಗ ತೊಡೆ ಸಣ್ಣಗೆ ನಡುಗುತ್ತದೆ, ಒಂಬತ್ತನೆಯದರಲ್ಲಿ ತುಟಿ ಬಿಗಿಯಾಗುತ್ತದೆ, ಹತ್ತನೆಯದು ಮುಗಿದಾಗ ಮಾಸ್ಟ್ರ ಕಡೆ ನೋಡದೆ ಇನ್ನೆರಡು ಮಾಡಿಬಿಡುತ್ತಾರೆ. ಆ ಎರಡನ್ನೇ ಮಾಸ್ಟ್ರು ಕಾಯುತ್ತಿದ್ದದ್ದು. ಹೇಳಿದ್ದಕ್ಕಿಂತ ಎರಡು ಹೆಚ್ಚು, ಅದೂ ಸತತ ಎರಡು ದಿನ ಬಂದರೆ ಮುಂದಿನ ಸಲಕ್ಕೆ ಒಂದು ಹಲಗೆ ತೆಗೆಯುವುದು. ತರಬೇತುದಾರರ ಪಠ್ಯಗಳಲ್ಲಿ ಇರುವ ನಿಯಮವೇ ಇದು. ಅಲ್ಲಿ ಹಲಗೆಯ ಬದಲು ಕಿಲೋ ಲೆಕ್ಕ, ತೂಕವನ್ನು ನೂರಕ್ಕೆ ಎರಡರಿಂದ ಹತ್ತರಷ್ಟು ಏರಿಸಬೇಕು ಎನ್ನುತ್ತಾರೆ. ಎರಡಕ್ಕೂ ಹತ್ತಕ್ಕೂ ನಡುವೆ ಇರುವ ದೂರವನ್ನು ಮಾತ್ರ ಪುಸ್ತಕ ತುಂಬಿಕೊಡುವುದಿಲ್ಲ. ಅದನ್ನು ಎದುರು ನಿಂತು ನೋಡಿದವರೇ ತೀರ್ಮಾನಿಸಬೇಕು.

ಮೂರು ಸುತ್ತು, ಸುತ್ತಿಗೆ ಹತ್ತು ಎನ್ನುವ ಲೆಕ್ಕ ಇಂದು ಜಗತ್ತಿನ ಎಲ್ಲ ಜಿಮ್ಮುಗಳ ಬಾಯಿಪಾಠ. ಅದು ಬಂದದ್ದು ಬಾಡಿಬಿಲ್ಡರುಗಳಿಂದಲ್ಲ, ಒಂದು ಮಿಲಿಟರಿ ಆಸ್ಪತ್ರೆಯಿಂದ. ಎರಡನೇ ಮಹಾಯುದ್ಧದಲ್ಲಿ ಕಾಲು ಮುರಿದು, ಮೊಣಕಾಲು ಜಖಂ ಆಗಿ ಬಂದ ಸೈನಿಕರು ಷಿಕಾಗೋದ ಗಾರ್ಡಿನರ್ ಆಸ್ಪತ್ರೆಯ ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಹಗುರವಾದದ್ದನ್ನು ಬಹಳ ಸಲ ಎತ್ತಿಸಿ ಎನ್ನುವುದು ಆಗಿನ ವೈದ್ಯರ ಪದ್ಧತಿ. ಥಾಮಸ್ ಡಿಲಾರ್ಮ್ ಎಂಬ ತರುಣ ವೈದ್ಯ ಅದನ್ನು ತಿರುಗಿಸಿ ಹಾಕಿದ. ಬಾಲ್ಯದಲ್ಲಿ ಸಂಧಿವಾತ ಜ್ವರದಿಂದ ಮಲಗಿ, ಆಮೇಲೆ ಕಬ್ಬಿಣ ಎತ್ತಿ ಎದ್ದವನು ಆತ. ಗಾಯಾಳುವಿನ ಕಾಲಿಗೆ ಕಬ್ಬಿಣದ ಬೂಟು ಕಟ್ಟಿ, ಅವನು ಹತ್ತು ಸಲ ಮಾತ್ರ ಎತ್ತಲು ಆಗುವಷ್ಟು ತೂಕ ಹಾಕಿ, ದಿನ ಕಳೆದಂತೆ ತೂಕ ಏರಿಸಿದ. 1945ರಲ್ಲಿ ಇದನ್ನು ಪ್ರಕಟಿಸಿದಾಗ ಏಳರಿಂದ ಹತ್ತು ಸುತ್ತು ಬೇಕೆಂದಿದ್ದ. 1948ರ ಹೊತ್ತಿಗೆ ಅಷ್ಟೆಲ್ಲ ಬೇಡ, ಮೂರೇ ಸಾಕು ಎಂದು ತಾನೇ ತಿದ್ದಿಕೊಂಡ. ಮೊದಲ ಸುತ್ತು ಅರ್ಧ ತೂಕ, ಎರಡನೆಯದು ಮುಕ್ಕಾಲು, ಮೂರನೆಯದು ಪೂರ್ತಿ. ಅವನ ಹೆಸರು ಗೊತ್ತಿಲ್ಲದ ಜಿಮ್ಮುಗಳೂ ಅವನ ಲೆಕ್ಕವನ್ನೇ ಇಟ್ಟುಕೊಂಡಿವೆ. ಆದರೆ ಆ ಲೆಕ್ಕ ಹುಟ್ಟಿದ್ದು ಎದ್ದು ನಡೆಯಲಾಗದವರನ್ನು ನಡೆಸಲು ಎಂಬುದು ಮರೆತುಹೋಗಿದೆ. ಮಿಸ್ ಏಳುವುದನ್ನು ನೋಡುವಾಗ ಅದು ಸರಿಯಾದ ಮನೆಗೆ ವಾಪಸು ಬಂದಿದೆ ಅನ್ನಿಸುತ್ತದೆ.

ಏಳು ಗಂಟೆಯ ನಂತರದ್ದು ಕಂಪ್ಯೂಟರ್ ಮಂದಿಯ ಹೊತ್ತು. ಹೆಬ್ಬಾಳದ ಕಂಪನಿಗಳಿಗೆ ಹೋಗುವವರು, ಮನೆಯಿಂದಲೇ ಕೆಲಸ ಮಾಡುವವರು. ಅವರಲ್ಲೊಬ್ಬರು ನಲವತ್ತಾರು ವಯಸ್ಸಿನ ಎಂಜಿನಿಯರ್. ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಎಡಗೈಯಲ್ಲಿ ದುಬಾರಿ ವಾಚು. ಸೈಕಲ್ ತುಳಿಯುತ್ತಾ ವಾಚು ನೋಡುತ್ತಾರೆ, ಮತ್ತೆ ತುಳಿಯುತ್ತಾರೆ, ಮತ್ತೆ ನೋಡುತ್ತಾರೆ.

"ಹಾರ್ಟ್ ರೇಟ್ ಏರ್ತಾನೇ ಇಲ್ಲ ಸರ್. 220ರಲ್ಲಿ ವಯಸ್ಸು ಕಳೆದ್ರೆ 174 ಬರಬೇಕು. ಅದರ ಶೇಕಡ ಎಪ್ಪತ್ತೂ ಮುಟ್ಟಿಲ್ಲ."

ಮಾಸ್ಟ್ರು ಅವರ ಪುಟ ತೆಗೆದು ಮಾತ್ರೆಯ ಹೆಸರಿನ ಮೇಲೆ ಬೆರಳಿಟ್ಟರು. ಹೃದಯದ ಬಡಿತವನ್ನೇ ತಗ್ಗಿಸುವ ಜಾತಿಯ ಬಿ.ಪಿ. ಮಾತ್ರೆ ಅದು. ಅದನ್ನು ನುಂಗುವವರ ವಾಚು ಎಷ್ಟು ಶ್ರಮವಾಗಿದೆ ಎನ್ನುವುದನ್ನು ಹೇಳಲಾರದು. ಮಾತ್ರೆ ಇಲ್ಲದವರಿಗೂ 220ರ ಸೂತ್ರ ಅಂದಾಜಿನದೇ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆಯಾಗುವುದು ಮಾಮೂಲು. ಹಾಗಾಗಿ ಮಾಸ್ಟ್ರು ಬೇರೆ ಉಪಾಯ ಹಿಡಿದಿದ್ದಾರೆ. ಸೈಕಲ್ ತುಳಿಯುವವರ ಪಕ್ಕ ನಿಂತು ಊರಿನ ಸುದ್ದಿ ತೆಗೆಯುತ್ತಾರೆ. ನೀರಿನ ಬಿಲ್ಲು, ಮಗಳ ಪಿ.ಯು. ರಿಸಲ್ಟು, ರಿಂಗ್ ರೋಡಿನ ಟ್ರಾಫಿಕ್ಕು. ಎಂಜಿನಿಯರು ಉತ್ತರ ಕೊಡುತ್ತಾರೆ, ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುತ್ತಾರೆ, ಇನ್ನೊಂದು ವಾಕ್ಯ. ಅವರಿಗೆ ಅದು ಹರಟೆ, ಮಾಸ್ಟ್ರಿಗೆ ಪರೀಕ್ಷೆ. ಮಾತು ಬರುತ್ತಿರಬೇಕು, ಹಾಡಲು ಆಗಬಾರದು. ಮಧ್ಯಮ ಶ್ರಮ ಎಂದರೆ ಇಷ್ಟೇ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಇದನ್ನೇ 6ರಿಂದ 20ರವರೆಗಿನ ಅಂಕಪಟ್ಟಿ ಮಾಡಿಟ್ಟ. ಎಷ್ಟು ಕಷ್ಟ ಅನ್ನಿಸುತ್ತಿದೆ ಎಂದು ತುಳಿಯುವವನನ್ನೇ ಕೇಳಿ ಅಂಕ ಹಾಕುವುದು. ಆರೋಗ್ಯವಂತ ತರುಣನಲ್ಲಿ ಆ ಅಂಕವನ್ನು ಹತ್ತರಿಂದ ಗುಣಿಸಿದರೆ ನಾಡಿಬಡಿತ ಸರಿಸುಮಾರು ಸಿಗುತ್ತದೆ, ಅದಕ್ಕೇ ಪಟ್ಟಿ ಆರರಿಂದ ಶುರು.

ಸೈಕಲ್ ಆದ ಮೇಲೆ ಅವರಿಗೂ ತೂಕವಿದೆ. ಸಂಕುಚಿಸುತ್ತಿರುವ ಸ್ನಾಯು ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ, ಹಾಗಾಗಿ ತೊಡೆ, ಬೆನ್ನಿನಂಥ ದೊಡ್ಡ ಸ್ನಾಯುಗಳಿಗೇ ಮೊದಲ ಕೆಲಸ. ಸಕ್ಕರೆ ದಿಢೀರನೆ ಇಳಿದರೆ ಇರಲಿ ಎಂದು ಮೇಜಿನ ಖಾನೆಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣವಿದೆ. ಲೆಗ್ ಪ್ರೆಸ್ ಹತ್ತಿರ ಮಾಸ್ಟ್ರು ಕಣ್ಣು ಬೇರೆಡೆ ಹೊರಳಿಸುವುದಿಲ್ಲ. ತಳ್ಳುವಾಗ ಜನ ಉಸಿರು ಬಿಗಿಹಿಡಿಯುತ್ತಾರೆ, ಒತ್ತಡ ಏರುವುದು ಅಲ್ಲೇ. 1985ರಲ್ಲಿ ಕೆನಡಾದ ಸಂಶೋಧಕರು ಕಟ್ಟುಮಸ್ತಾದ ಬಾಡಿಬಿಲ್ಡರುಗಳ ರಕ್ತನಾಳದೊಳಗೇ ಮಾಪಕ ಇಟ್ಟು ಲೆಗ್ ಪ್ರೆಸ್ ಮಾಡಿಸಿದಾಗ ಬಿ.ಪಿ. ಸರಾಸರಿ 320/250 ಮುಟ್ಟಿತ್ತು. 120/80 ಎಂದು ಕಂಠಪಾಠ ಮಾಡಿದ ನಮಗೆ ಆ ಅಂಕಿ ನಂಬುವುದೇ ಕಷ್ಟ. "ಊದಿ ಸಾರ್, ಊದಿ" ಎನ್ನುತ್ತಾರೆ ಮಾಸ್ಟ್ರು. ಎಂಜಿನಿಯರು ಬಾಯಿ ಗುಂಡಗೆ ಮಾಡಿ ಊದುತ್ತಾ ತಳ್ಳುತ್ತಾರೆ.

ಕೂತು ದುಡಿಯುವ ಮೈಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದು ಲಂಡನ್ನಿನ ಬಸ್ಸುಗಳು. ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡುತ್ತಾ ಮೇಲೆ ಕೆಳಗೆ ಹತ್ತಿ ಇಳಿಯುತ್ತಿದ್ದ. ಜೆರ‍್ರಿ ಮಾರಿಸ್ ಮತ್ತು ಜೊತೆಗಾರರು 1953ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ, ಬಂದರೂ ಸೌಮ್ಯ. ನಮ್ಮ ಸಿಟಿ ಬಸ್ಸಿಗೆ ಮಹಡಿಯಿಲ್ಲ. ಆದರೆ ಹಬ್ಬದ ಹಿಂದಿನ ದಿನ ಮುಂಬಾಗಿಲಿನಿಂದ ಹಿಂಬಾಗಿಲಿಗೆ ನುಸುಳಿ ಬರುವ ಕಂಡಕ್ಟರನನ್ನು ನೋಡಿದವರು ಅವನಿಗೆ ಬೇರೆ ವ್ಯಾಯಾಮ ಬೇಕೆಂದು ಹೇಳಲಾರರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅದರ ಜೊತೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಎಂಜಿನಿಯರರ ಪುಟದಲ್ಲಿ ಈಗ 120 ನಿಮಿಷದ ತನಕ ಬಂದಿದೆ. ಅವರಿಗೆ ಅವಸರ, ಮಾಸ್ಟ್ರಿಗೆ ಇಲ್ಲ.

ನಡುವೆ ಇಬ್ಬರು ಹುಡುಗರು ಬಂದು ಹೋದರು. ಒಬ್ಬನಿಗೆ ಎರಡು ತಿಂಗಳಲ್ಲಿ ಮದುವೆ, ಅಷ್ಟರೊಳಗೆ ಸಿಕ್ಸ್ ಪ್ಯಾಕ್ ಬೇಕು. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ, ಕೊಬ್ಬು ಯಾವ ಕಡೆಯಿಂದ ಹೋಗಬೇಕೆಂದು ನಾವು ಹೇಳುವಂತಿಲ್ಲ ಎಂದು ಕೇಳಿದ ಮೇಲೆ ಅವನು ಫೀಸು ವಿಚಾರಿಸಿ ಇಳಿದುಹೋದ. ಇನ್ನೊಬ್ಬ ಮೊಬೈಲಿನಲ್ಲಿ ಹನ್ನೆರಡು ವಾರದ ಚಾರ್ಟ್ ಇಳಿಸಿಕೊಂಡು ಬಂದಿದ್ದ, ಯಾವುದೋ ದೇಶದ ಚಾಂಪಿಯನ್‌ನದು. ಮಾಸ್ಟ್ರು ಪೂರ್ತಿ ಓದಿ "ಚೆನ್ನಾಗೇ ಇದೆ, ಅವನಿಗೆ" ಎಂದರು.

ದೂರದಲ್ಲಿ ಕೂತು ಪಾಠ ಹೇಳುವುದೇ ತಪ್ಪೆಂದು ನಾನೇನೂ ಹೇಳುವುದಿಲ್ಲ. "ಶಾಂತಲಾ", "ರೂಪದರ್ಶಿ" ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಾ ಅಂಚೆಯ ಮೂಲಕವೇ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಶಾಲೆಯಲ್ಲಿ ಕೂಡಿಸಿದವರು ಅವರು. ಈಗಿನ ಆನ್‌ಲೈನ್ ಕೋಚಿಂಗ್ ಅಂಥ ಹಳೆಯ ಜಾಡಿನದೇ. ತೊಂದರೆ ಇರುವುದು ಯಾರನ್ನೂ ವಿಚಾರಿಸದೆ ಎಲ್ಲರಿಗೂ ಒಂದೇ ಕಾಗದ ಹಂಚುವುದರಲ್ಲಿ. ಅಮೆರಿಕ, ಕೆನಡಾದ ವಿಜ್ಞಾನಿಗಳು ಹೆರಿಟೇಜ್ ಎಂಬ ಅಧ್ಯಯನದಲ್ಲಿ ನೂರಾರು ಮಂದಿಗೆ 20 ವಾರ ಒಂದೇ ಬಗೆಯ ಸೈಕಲ್ ತರಬೇತಿ ಕೊಟ್ಟರು. ಮೈ ಆಮ್ಲಜನಕ ಬಳಸುವ ಸಾಮರ್ಥ್ಯ ಕೆಲವರಲ್ಲಿ ನಿಮಿಷಕ್ಕೆ ಒಂದು ಲೀಟರಿಗೂ ಮೀರಿ ಏರಿತು, ಕೆಲವರಲ್ಲಿ ಕದಲಲೇ ಇಲ್ಲ. ಆ ಏರುಪೇರು ಕುಟುಂಬಗಳಲ್ಲಿ ಹರಿದು ಬರುತ್ತದೆ ಎಂಬುದೂ ಅಲ್ಲಿ ಕಂಡಿತು.

ಸಂಜೆ ಮಾಸ್ಟ್ರ ಸ್ಕೂಟರಿನ ಹಿಂದೆ ಕೂತು ಗರಡಿಗೆ ಹೋದೆ. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಒಳಗೆ ಅರೆಗತ್ತಲು, ತಂಪು. ಎಣ್ಣೆ, ಅರಿಸಿನ, ಕರ್ಪೂರ ಬೆರೆತ ಕೆಮ್ಮಣ್ಣಿನ ಮಟ್ಟಿ ಅಂಗಳದಷ್ಟು ಅಗಲಕ್ಕೆ ಹಾಸಿದೆ. ಕೈಗೆತ್ತಿಕೊಂಡರೆ ಮೆತ್ತಗೆ, ಬೆರಳ ಸಂದಿಯಿಂದ ಉದುರುವ ಮೊದಲು ಒಂದು ಕ್ಷಣ ಅಂಟಿಕೊಳ್ಳುತ್ತದೆ. ಲಂಗೋಟಿ ಕಟ್ಟಿದ ನಾಲ್ಕೈದು ಹುಡುಗರು ಗುದ್ದಲಿ ಹಿಡಿದು ಆ ಮಣ್ಣನ್ನು ಅಗೆದು ತಿರುವಿ ಹಾಕುತ್ತಿದ್ದರು. ಕಟ್ಟೆಯ ಮೇಲೆ ದೊಡ್ಡುಸ್ತಾದರು, ಮಾಸ್ಟ್ರ ತಂದೆ. ಎಂಬತ್ತು ಸಮೀಪಿಸಿದೆ, ಕಿವಿ ಒಣಗಿದ ಅವರೆಕಾಯಿಯಂತೆ ಮುದುಡಿದೆ. ಹಳೇ ಕುಸ್ತಿಪಟುವಿನ ಗುರುತೇ ಅದು.

"ಹೊಸ್ಬ ಬಂದ್ರೆ ಮೊದಲು ಮಟ್ಟಿ ಅಗೀಲಿ. ದಂಡ ಹೊಡೀಲಿ, ಬಸ್ಕಿ ಹೊಡೀಲಿ. ಆಮೇಲೆ ಪಟ್ಟು," ಎಂದರು ಉಸ್ತಾದರು. "ಬಂದ ದಿನಾನೇ ಕುಸ್ತಿ ಬಿಟ್ರೆ ಗಂಟು ಕಳಚ್ಕೋತಾನೆ."

ಇದರಲ್ಲಿ ಎಷ್ಟೊಂದು ಶರೀರವಿಜ್ಞಾನ ಅಡಗಿದೆ ಎಂದು ಉಸ್ತಾದರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೊಸಬನ ಶಕ್ತಿ ಮೊದಲ ಕೆಲವು ವಾರ ಬೇಗ ಬೇಗ ಏರುತ್ತದೆ. ಸ್ನಾಯು ದಪ್ಪವಾಗಿ ಅಲ್ಲ, ಇರುವ ಸ್ನಾಯುವಿನ ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಲು ನರಮಂಡಲ ಕಲಿಯುವುದರಿಂದ. ಸ್ನಾಯು ದಪ್ಪವಾಗುವುದು ಅದರ ಹಿಂದೆ. ಎಲುಬಿಗೆ ಸ್ನಾಯುವನ್ನು ಬಿಗಿಯುವ ಕಂಡರ ಇನ್ನೂ ಹಿಂದೆ, ಅದರ ನಡಿಗೆ ತೀರಾ ನಿಧಾನ. ಶಕ್ತಿ ಬಂತೆಂದು ತೂಕ ಏರಿಸುತ್ತಾ ಹೋದ ಹುಡುಗನ ಮೊಣಕೈ, ಭುಜದಲ್ಲಿ ನೋವು ಮೂರನೇ ತಿಂಗಳಿಗೆ ಕಾಣಿಸಿಕೊಳ್ಳುವುದು ಈ ಅಂತರದಲ್ಲೇ. ಗುದ್ದಲಿ ಹಿಡಿದು ಕಳೆದ ದಿನಗಳು ಆ ಅಂತರವನ್ನು ತುಂಬುತ್ತಿದ್ದವು.

ಗರಡಿಗೆ ಇನ್ನೊಂದು ದೊಡ್ಡ ಅನುಕೂಲವಿತ್ತು: ದಸರೆ. ದೊಡ್ಡಕೆರೆ ಮೈದಾನದ ಅಖಾಡದಲ್ಲಿ ನಾಡಕುಸ್ತಿ ನಡೆಯುವ ದಿನ ಮೊದಲೇ ಗೊತ್ತು, ಅದಕ್ಕೂ ಮುಂಚೆ ಜೋಡಿ ಕಟ್ಟುವ ದಿನ. ಹಾಗಾಗಿ ವರ್ಷಕ್ಕೆ ಒಂದು ಇಳಿಜಾರು ತಾನಾಗಿ ಒದಗುತ್ತಿತ್ತು. ಬೇಸಿಗೆಯಲ್ಲಿ ಸಾಮು ಹೆಚ್ಚು, ಕುಸ್ತಿ ಕಡಿಮೆ. ಮಳೆ ಹಿಡಿದ ಮೇಲೆ ಸಾಮು ಇಳಿದು ಪಟ್ಟು, ಜೋರ್ ಹೆಚ್ಚು. ಕೊನೆಗೆ ಎಲ್ಲವೂ ಇಳಿದು ಉಪಚಾರ, ಎಣ್ಣೆನೀರು. ಸೋವಿಯತ್ ದೇಶದ ಲೆವ್ ಮತ್ವೆಯೆವ್ 1960ರ ದಶಕದಲ್ಲಿ ತರಬೇತಿಯ ವರ್ಷವನ್ನು ಹಂತ ಹಂತವಾಗಿ ಭಾಗಿಸಿ ಬರೆದ ಸಿದ್ಧಾಂತ ಇದಕ್ಕಿಂತ ಬಹಳ ಸೂಕ್ಷ್ಮ, ಆದರೆ ಬೆನ್ನೆಲುಬು ಬೇರೆಯಲ್ಲ. ಜಿಮ್ಮಿಗೆ ಬರುವ ನಮ್ಮಂಥವರಿಗೆ ದಸರೆಯಿಲ್ಲ. ಜನವರಿಯಲ್ಲೂ ಅದೇ ಎದೆ-ಭುಜ, ಜೂನಿನಲ್ಲೂ ಅದೇ ಎದೆ-ಭುಜ, ಒಂದು ದಿನ ಬೇಸರ ಬಂದು ನಿಲ್ಲಿಸುತ್ತೇವೆ. ನಿಲ್ಲಿಸಿದ ಎರಡು ಮೂರು ವಾರಕ್ಕೇ ಉಸಿರಿನ ದಮ್ಮು ಇಳಿಯತೊಡಗುತ್ತದೆ. ತೋಳಿನ ಬಲ ಅದಕ್ಕಿಂತ ಹೆಚ್ಚು ದಿನ ಜೊತೆಗಿರುತ್ತದೆ.

ಹಾಗೆಂದು ಗರಡಿಯನ್ನು ಹೊಗಳಿ ಅಟ್ಟಕ್ಕೇರಿಸಲು ನನಗೆ ಮನಸ್ಸಿಲ್ಲ. ಎಲ್ಲರಿಗೂ ಒಂದೇ ಎಣಿಕೆ ಅಲ್ಲಿನ ಪದ್ಧತಿ. ಐನೂರು ಬಸ್ಕಿ ಎಂದರೆ ಐನೂರು, ಹದಿನಾರರ ಹುಡುಗನಿಗೂ ಮೂವತ್ತರ ಗಂಡಸಿಗೂ. ಸ್ಕೂಟರ್ ಏರುವಾಗ ಮಾಸ್ಟ್ರು ತಂದೆಗೆ ಕೇಳಿಸದಂತೆ ಹೇಳಿದರು: "ಅಪ್ಪಾಜಿ ಕಾಲದಲ್ಲಿ ತಡ್ಕೊಂಡವರು ಪೈಲ್ವಾನರಾದ್ರು. ಮಂಡಿ ಹೋಗಿ ಬಿಟ್ಟವರ ಲೆಕ್ಕ ಯಾರಿಟ್ಟಿದ್ದಾರೆ ಸಾರ್?"

ಲೆಡ್ಜರು ಯಾಕೆ ಹುಟ್ಟಿತು ಎಂಬುದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ಅದರಲ್ಲಿ ನಾನು ಹೆಚ್ಚು ಹೊತ್ತು ಓದಿದ್ದು ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗನೊಬ್ಬನ ಪುಟ. ಎಚ್.ಡಿ. ಕೋಟೆ ಕಡೆಯವನು, ಇಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಾನೆ. ಗಂಡಸರಿಗೆ ದೈಹಿಕ ಪರೀಕ್ಷೆಯಲ್ಲಿ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, 7.26 ಕಿಲೋ ಗುಂಡನ್ನು 5.60 ಮೀಟರ್ ಎಸೆಯಬೇಕು, 3.80 ಮೀಟರ್ ಉದ್ದ ಜಿಗಿಯಬೇಕು ಇಲ್ಲವೇ 1.20 ಮೀಟರ್ ಎತ್ತರ. ಗುಂಡು, ಜಿಗಿತ ಅವನಿಗೆ ಸಲೀಸು. ಓಟದಲ್ಲಿ ಏಳು ನಿಮಿಷ ಹತ್ತು ಸೆಕೆಂಡು. ಆದರೂ ಬಂದ ಹೊಸತರಲ್ಲಿ ಅವನು ಬೆಂಚ್ ಪ್ರೆಸ್ ಬಿಟ್ಟು ಏಳುತ್ತಿರಲಿಲ್ಲ. ಪೊಲೀಸ್ ಅಂದರೆ ಎದೆ ಇರಬೇಕು ಎಂಬ ನಂಬಿಕೆ.

"ಎದೆ ಓಡಲ್ಲ ಕಣಪ್ಪಾ, ಕಾಲು ಓಡೋದು."

ಪುಟದ ಲೆಕ್ಕ ಸರಳ. ಆರೂವರೆ ನಿಮಿಷವನ್ನು ನಾಲ್ಕು ಸುತ್ತಿಗೆ ಭಾಗಿಸಿದರೆ ಸುತ್ತಿಗೆ 97 ಸೆಕೆಂಡು ಚಿಲ್ಲರೆ. ಅವನಿಂದ ಆ ವೇಗದಲ್ಲಿ ನಾಲ್ಕು ಸುತ್ತು ಆಗುವುದಿಲ್ಲ, ಒಂದು ಸುತ್ತು ಆಗುತ್ತದೆ. ಸರಿ, ಒಂದನ್ನೇ 95 ಸೆಕೆಂಡಿನಲ್ಲಿ ಓಡಿ, ಎರಡು ನಿಮಿಷ ನಡೆದು, ಮತ್ತೆ ಒಂದು. ಹೀಗೆ ಆರು, ವಾರಕ್ಕೊಮ್ಮೆ ಓವಲ್ ಮೈದಾನದಲ್ಲಿ. ಇನ್ನೊಂದು ದಿನ ನಿಧಾನವಾದ ಉದ್ದ ಓಟ. ಜಿಮ್ಮಿನಲ್ಲಿ ಎರಡು ದಿನ ಸ್ಕ್ವಾಟ್, ಮೀನಖಂಡ, ಒಂಟಿಕಾಲಿನ ವ್ಯಾಯಾಮ. ಬೆಂಚ್ ಪ್ರೆಸ್ ಪೂರ್ತಿ ಹೋಗಿಲ್ಲ, ಗುಂಡು ಎಸೆಯಲು ಬೇಕೆಂಬ ನೆಪದಲ್ಲಿ ಎರಡು ಸುತ್ತು ಉಳಿಸಿಕೊಟ್ಟಿದ್ದಾರೆ. ಅದು ವಿಜ್ಞಾನಕ್ಕಿಂತ ಹೆಚ್ಚಾಗಿ ಹುಡುಗನ ಮನಸ್ಸು ಕಾಯಲು.

ಅವನಿಗೆ ಹೇಳಿದಷ್ಟು ಸಾಲದು. ಒಂದು ಭಾನುವಾರ ಗೆಳೆಯರ ಜೊತೆ ಬೆಟ್ಟದ ಸಾವಿರ ಮೆಟ್ಟಿಲು ಓಡಿ ಹತ್ತಿ, ಓಡಿಯೇ ಇಳಿದ. ಸೋಮವಾರ ಏನೂ ಆಗಿರಲಿಲ್ಲ, ಮಂಗಳವಾರ ಜಿಮ್ಮಿನ ಮೆಟ್ಟಿಲನ್ನು ಅಡ್ಡಡ್ಡವಾಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿಯುವುದನ್ನು ನೋಡಿ ಮಿಸ್ ನಕ್ಕುಬಿಟ್ಟರು. ಹತ್ತಿದ್ದಕ್ಕಲ್ಲ ಈ ನೋವು, ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಸ್ನಾಯು ಬಿಗಿಯುತ್ತಲೇ ಉದ್ದವಾಗಬೇಕು, ಮೈಭಾರಕ್ಕೆ ಬ್ರೇಕು ಹಾಕುತ್ತಾ. ಅಭ್ಯಾಸವಿಲ್ಲದ ಎಳೆಗಳಲ್ಲಿ ಅದರಿಂದ ಸಣ್ಣ ಸಣ್ಣ ಹರಕು ಉಂಟಾಗಿ, ನೋವು ಒಂದರಿಂದ ಮೂರು ದಿನದೊಳಗೆ ತುತ್ತತುದಿಗೆ ಏರುತ್ತದೆ. ಇದಕ್ಕೆ ಲ್ಯಾಕ್ಟಿಕ್ ಆಸಿಡ್ ಕಾರಣ ಎನ್ನುವ ಮಾತು ಇನ್ನೂ ಚಲಾವಣೆಯಲ್ಲಿದೆ. ಅದು ಓಟ ನಿಂತ ಗಂಟೆ ಎರಡು ಗಂಟೆಯೊಳಗೇ ರಕ್ತದಿಂದ ಖಾಲಿಯಾಗಿರುತ್ತದೆ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಮಾಸ್ಟ್ರು ಬೈಯಲಿಲ್ಲ. ಪುಟದಲ್ಲಿ ಆ ವಾರದ ಓಟಕ್ಕೆ ಗೀಟು ಹಾಕಿ, ಪಕ್ಕದಲ್ಲಿ "ಬೆಟ್ಟ" ಎಂದು ಬರೆದರು. ಮಿಸ್ ಪುಟಕ್ಕೂ ಒಂದು ಟಿಪ್ಪಣಿ ಸೇರಿತು: ಆಷಾಢದಲ್ಲಿ ಹತ್ತುವುದು ಮೆಟ್ಟಿಲು, ಇಳಿಯುವುದು ಬಸ್ಸು.

ಪರೀಕ್ಷೆಗೆ ಎರಡು ವಾರ ಉಳಿದಾಗ ಹುಡುಗ ಆರೂವರೆ ನಿಮಿಷಕ್ಕೆ ಎರಡು ಸೆಕೆಂಡು ಮೊದಲೇ ಮುಟ್ಟಿದ್ದ. ಅಂಚು ಸಾಲದೆಂದು ಅವನಿಗೆ ದಿಗಿಲು, ದಿನಾ ಓಡುತ್ತೇನೆ ಎನ್ನುತ್ತಿದ್ದ. ಮಾಸ್ಟ್ರು ತಿರುಗಾ ಲೆಕ್ಕ ಹಾಕಿದರು. ಓಡುವ ಒಟ್ಟು ದೂರ ಅರ್ಧಕ್ಕೆ ಇಳಿಯಬೇಕು, ವೇಗ ಮಾತ್ರ ಇಳಿಯಬಾರದು. ಆರು ಸುತ್ತಿನ ಬದಲು ಮೂರು, ಅದೇ 95 ಸೆಕೆಂಡು. ಸ್ಕ್ವಾಟ್ ಒಂದೇ ದಿನ, ಹಗುರ. ತಿಂಗಳುಗಟ್ಟಲೆ ಸೇರಿದ ದಣಿವು ಕೆಳಗಿಳಿದಾಗ ಅದರಡಿ ಮುಚ್ಚಿಹೋಗಿದ್ದ ಬಲ ಹೊರಗೆ ಕಾಣುತ್ತದೆ. ಓಟಗಾರರು, ಈಜುಗಾರರ ಮೇಲೆ ನಡೆದ ಅಧ್ಯಯನಗಳು ಸರಿಸುಮಾರು ಇದನ್ನೇ ಹೇಳುತ್ತವೆ. ಹುಡುಗನಿಗೆ ಅದು ಹೇಗೆ ಒಪ್ಪಿಗೆಯಾದೀತು?

"ಅಣ್ಣಾ, ಸುಮ್ನೆ ಕೂತ್ರೆ ಇರೋದೂ ಹೋಗುತ್ತೆ ಅನ್ಸುತ್ತೆ."

"ಹೋಗಲ್ಲ. ಹತ್ತು ದಿನಕ್ಕೆ ಏನೂ ಹೋಗಲ್ಲ. ಹೊಸದಾಗಿ ಬರೋದೂ ಇಲ್ಲ ಇನ್ನು."

"ಬೇರೆಯವ್ರೆಲ್ಲ ದಿನಾ ಓಡ್ತಾವ್ರೆ."

"ಓಡ್ಲಿ ಬಿಡು. ನೀನು ಒಂಬತ್ತು ಗಂಟೆಗೆ ಮಲಗು, ಮೊಬೈಲ್ ಅಕ್ಕನ ಕೈಗೆ ಕೊಡು. ಮತ್ತೆ, ಅವತ್ತು ಹೊಸ ಶೂ ತಗೊಂಡು ಹೋಗ್ಬೇಡ. ಇದೇ ಹಳೇದು."

ಹುಡುಗ ಕಾಲ ಕಡೆ ನೋಡಿಕೊಂಡ. ಎಡಗಡೆಯ ಶೂ ಹೆಬ್ಬೆರಳ ಹತ್ತಿರ ಬಾಯಿಬಿಟ್ಟಿತ್ತು.

"ಹೊಲಿಗೆ ಹಾಕಿಸ್ಕೋತೀನಿ ಅಣ್ಣಾ."

"ಇವತ್ತೇ ಹಾಕಿಸ್ಕೋ. ನಾಳೆ ಮೂರು ಸುತ್ತು ಅದರಲ್ಲೇ ಓಡಿ ನೋಡು."